ಬ್ಯಾಂಡ್ ಯಜಮಾನರ ಕೋಟು

ನಮ್ಮ ಟೈಲರ್ ಅಂಗಡಿಗೆ ಜಾಝ್ ಬ್ಯಾಂಡಿನ ಯಜಮಾನರು ಬಂದರೆಂದರೆ ಬ್ಯಾಂಡಿನಿಂದ ಯಾರೋ ಒಬ್ಬ ಹೋದನೆಂದೇ ಅರ್ಥ. ಒಂದು ಕೈಯಲ್ಲಿ ಹೋದವನ ಕಂದು ಕೋಟು, ಇನ್ನೊಂದು ಕೈಯಲ್ಲಿ ಬಂದವನ ರಟ್ಟೆ. ಮದುವೆಯ ಹಾಡು, ಮಸಣದ ಹಾಡು, ಲಾಲಿ, ಎಲ್ಲವನ್ನೂ ಜಾಝ್‌ಗೆ ಬೆರೆಸಿ ನುಡಿಸುವ ಈ ಹಳೇ ಬ್ಯಾಂಡಿನಲ್ಲಿ ಹೊಸ ಕೋಟು ಹೊಲಿಸುವ ಪದ್ಧತಿಯೇ ಇಲ್ಲ. ಬಂದವನ ಅಳತೆಗೆ ಹಳೆಯದನ್ನೇ ಬಿಚ್ಚಿ ಹೊಲಿಯಬೇಕು. "ಹೊಸಬರಾ?" ಎಂದರೆ ಯಜಮಾನರಿಗೆ ಮೈಯೆಲ್ಲ ಉರಿಯುತ್ತದೆ. ಕಳೆದ ಸಲವೂ ಅಷ್ಟೆ: "ಯಾವ ಹೊಸಬ? ನಮ್ಮ ಟ್ರಂಪೆಟ್‌ನವನೇ ಕಣ್ರೀ. ಸ್ವಲ್ಪ ಇಳಿದು ಹೋಗಿದಾನೆ, ಅಷ್ಟೆ." ಮೊದಲಿನವನು ಡೊಳ್ಳುಹೊಟ್ಟೆಯವನು, ಇವನು ಗಳದಂಥ ಸಣಕಲ! ನಾನು ನಗು ನುಂಗಿಕೊಂಡು ಟೇಪು ಹಿಡಿದೆ. ಆದರೆ ಕೋಟು ತೊಟ್ಟಿದ್ದೇ ತಡ, ಆ ಸಣಕಲ ತನಗಿಲ್ಲದ ಹೊಟ್ಟೆಯ ಮೇಲೆ ಕೈಯಿಟ್ಟು, ಮೊದಲಿನವನ ಹಾಗೆಯೇ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದ. ನಗು ಅಲ್ಲಿಗೆ ನಿಂತಿತು. ಮೊನ್ನೆ ಯಜಮಾನರು ತಮ್ಮದೇ ಕೋಟು ಬಿಚ್ಚಿಕೊಟ್ಟರು. "ಬೆನ್ನು ಬಿಗಿಯಾಗ್ತಿದೆ, ಸಡಿಲ ಮಾಡಿಕೊಡಿ." ಲೈನಿಂಗ್ ಬಿಚ್ಚಿದೆ. ಒಳಗೆ ಒಂದರ ಪಕ್ಕ ಒಂದು ಹಳೆಯ ಹೊಲಿಗೆಯ ಗುರುತುಗಳು. ಒಂದು ಅಗಲ ಭುಜದವನದು, ಒಂದು ಗೂನು ಬೆನ್ನಿನವನದು. ಯಾವುದೂ ಇವರ ಮೈಗೆ ಹೊಂದುವಂಥದ್ದಲ್ಲ. ಎಲ್ಲವೂ ತೀರಿಹೋದ ನಮ್ಮಪ್ಪ ಹಾಕಿದ ಹೊಲಿಗೆ. ತಲೆಯೆತ್ತಿದರೆ ಯಜಮಾನರು ನನ್ನ ಕೊರಳಲ್ಲಿದ್ದ ಅಪ್ಪನ ಟೇಪನ್ನೇ ನೋಡುತ್ತಿದ್ದರು. "ಬ್ಯಾಂಡ್ ಶುರುವಾದಾಗಿಂದ ನಮಗೆ ನಿಮ್ಮದೇ ಕೈ ಮಾಸ್ಟರೇ. ನೀವೂ ಸ್ವಲ್ಪ ಇಳಿದು ಹೋಗಿದೀರಿ, ಅಷ್ಟೆ." ಅದು ನಾನಲ್ಲ, ನಮ್ಮಪ್ಪ ಎನ್ನಲು ಬಾಯಿ ತೆರೆದೆ. ಹೊರಬಂದದ್ದು ಅಪ್ಪನ ಮಾತು, ಅಪ್ಪನದೇ ದನಿ: "ಶನಿವಾರ ಬನ್ನಿ ಸ್ವಾಮಿ, ರೆಡಿ ಮಾಡಿಟ್ಟಿರ್ತೀನಿ."