ಗಂಟೆಯಲ್ಲಿ ಮುಳುಗಿದ ಯುಪಿಎಸ್ ಕೂಗು

ಕರೆಂಟ್ ಹೋಗಿ ಯುಪಿಎಸ್ ಕೂಗಿದರೆ ಈಗಲೂ ನನ್ನ ಬಲಗೈ ನಿಂತುಬಿಡುತ್ತದೆ. ಬ್ಯಾಂಕಾದರೂ ಸರಿ, ಜೆರಾಕ್ಸ್ ಅಂಗಡಿಯಾದರೂ ಸರಿ, ಯಾರಾದರೂ ಹೋಗಿ ನೋಡುವವರೆಗೆ ನನಗೆ ಉಸಿರು ಸರಾಗವಾಗುವುದಿಲ್ಲ. ಪಕ್ಕದಲ್ಲಿರುವವರು ವಿಚಿತ್ರವಾಗಿ ನೋಡುತ್ತಾರೆ. ಕಾರಣ ಹೇಳಲು ನಾಚಿಕೆ.

ಆಗ ನಾವು ಗೋವಿಂದರಾಜನಗರದಲ್ಲಿ ಬಾಡಿಗೆಗಿದ್ದೆವು. ಅಮ್ಮ, ಅಕ್ಕ, ನಾನು. ನಡುಮನೆಯ ಕಿಟಕಿಯ ಕೆಳಗೆ ಅಕ್ಕನ ಕಂಪ್ಯೂಟರ್. ನಾಗರಬಾವಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳನ್ನು ಅವಳು ಟೈಪ್ ಮಾಡಿಕೊಡುತ್ತಿದ್ದಳು. ಅವಳ ಕನ್ನಡ ಟೈಪಿಂಗ್ ತಂತ್ರಾಂಶ ಹಳೆಯ ವಿಂಡೋಸ್ 98ರಲ್ಲಿ ಮಾತ್ರ ಓಡುತ್ತಿತ್ತು. ಬರುವವರೆಲ್ಲ ಹೊಸ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾಡಿದ ಫೈಲುಗಳನ್ನು ತರತೊಡಗಿದ್ದರು; ಅವು ಹಳೆಯದರಲ್ಲಿ ತೆರೆಯುತ್ತಿರಲಿಲ್ಲ. ಎರಡನೆಯ ಕಂಪ್ಯೂಟರ್ ಕೊಳ್ಳುವ ಮಾತೇ ಇರಲಿಲ್ಲ. ಹಾಗಾಗಿ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಎರಡನ್ನೂ ಇಡುವುದೆಂದು ಅಕ್ಕ ತೀರ್ಮಾನಿಸಿದಳು. ಹಳೆಯದು ಕೂತಿರುವ ಜಾಗವನ್ನು ಕುಗ್ಗಿಸುವುದು, ಖಾಲಿಯಾದ ಜಾಗಕ್ಕೆ ಹೊಸದನ್ನು ಹಾಕುವುದು. ಆಮೇಲೆ ಯಂತ್ರ ಹಚ್ಚಿದಾಗಲೆಲ್ಲ ಯಾವುದು ಬೇಕೆಂದು ಅದೇ ಕೇಳುತ್ತದೆ.

“ಆದ್ರೆ ಜಾಗ ಕುಗ್ಗಿಸೋವಾಗ ಒಳಗಿರೋದನ್ನೆಲ್ಲ ಅದು ಮುಂದಕ್ಕೆ ಎತ್ತಿಡ್ತಾ ಇರತ್ತೆ ಕಣೋ. ಮಧ್ಯದಲ್ಲಿ ನಿಂತ್ರೆ ಹಳೇದೂ ಹೋಯ್ತು, ಹೊಸದೂ ಇಲ್ಲ,” ಎಂದಿದ್ದಳು. ಇದನ್ನು ಅವಳು ನನಗೆ ಹೇಳಿದ್ದಳು. ಅಮ್ಮನಿಗೆ ಹೇಳಿರಲಿಲ್ಲ.

ಆಯುಧಪೂಜೆಯ ದಿನವನ್ನೇ ಆರಿಸಿದ್ದೂ ಅವಳೇ. ಅವತ್ತು ಟೈಪಿಂಗಿಗೆ ಯಾರೂ ಬರುವುದಿಲ್ಲ. ಆದರೆ ಅಮ್ಮನ ಲೆಕ್ಕದಲ್ಲಿ ಆ ದಿನ ಯಂತ್ರಗಳಿಗೆ ರಜೆ. ತೀರಿಕೊಂಡ ಅಪ್ಪ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡಿದವರು. ಅಲ್ಲಿ ಮೈನ್ ಸ್ವಿಚ್ ಇಳಿಸದೆ ಯಾರೂ ಮೆಷಿನ್ನಿಗೆ ಹಾರ ಹಾಕುತ್ತಿರಲಿಲ್ಲ. ಮನೆಯಲ್ಲೂ ಅದೇ ಪದ್ಧತಿ. ಅಮ್ಮ ಮೊದಲು ಮೈನ್ ಇಳಿಸಿ, ಮೀಟರ್ ಬೋರ್ಡಿಗೆ, ಮಿಕ್ಸಿಗೆ, ಗ್ರೈಂಡರಿಗೆ, ಕೊನೆಗೆ ಕಂಪ್ಯೂಟರಿಗೆ ವಿಭೂತಿ ಬಳಿಯುತ್ತಿದ್ದಳು.

ಬೆಳಿಗ್ಗೆ ಶುರುವಾದ ಕುಗ್ಗಿಸುವ ಕೆಲಸ ಅಕ್ಕ ಎಣಿಸಿದ್ದಕ್ಕಿಂತ ನಿಧಾನವಾಯಿತು. ತೆರೆಯ ಮೇಲಿನ ನೀಲಿ ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ. ಅಮ್ಮ ಹೂವಿನ ತಟ್ಟೆ ಹಿಡಿದು ಬಂದು ನಿಂತಳು.

“ಇವತ್ತೂ ಇದನ್ನ ಉರಿಸ್ತಿದೀಯಲ್ಲೇ! ಆರ್ಸೇ, ಹೂ ಇಡ್ಬೇಕು.”

“ಆಯ್ತಮ್ಮ, ಆರಿಸ್ದೆ,” ಎಂದು ಅಕ್ಕ ಮಾನಿಟರಿನ ಗುಂಡಿ ಒತ್ತಿದಳು. ತೆರೆ ಕಪ್ಪಾಯಿತು. ಅಮ್ಮನಿಗೆ ಕಂಪ್ಯೂಟರ್ ಎಂದರೆ ಆ ತೆರೆಯೇ. ಕೆಳಗೆ ಸಿಪಿಯು ಓಡುತ್ತಲೇ ಇತ್ತು. ಸ್ನಾನಕ್ಕೆ ಹೊರಟ ಅಕ್ಕ ನನ್ನ ಕಿವಿಯಲ್ಲಿ, “ಅಮ್ಮ ಮೈನ್ ಇಳಿಸಿದ್ರೂ ಯುಪಿಎಸ್ ಇದೆಯಲ್ಲ, ಪೂಜೆ ಮುಗಿಯೋವರೆಗೆ ಎಳೆಯತ್ತೆ ಬಿಡು,” ಎಂದಳು. ಅದರ ಬ್ಯಾಟರಿ ಹಳೆಯದಾಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ತಲೆಯಾಡಿಸಿದೆ.

ಅಮ್ಮನ ಕೈ ಮೈನ್ ಸ್ವಿಚ್ಚಿನ ಹಿಡಿಗೆ ಹೋದದ್ದು ನನಗೆ ಇನ್ನೂ ಕಾಣುತ್ತದೆ. ಬೆರಳ ತುದಿಯಲ್ಲಿ ವಿಭೂತಿ. ‘ತಾಳಮ್ಮ’ ಎನ್ನಲು ಬೇಕಾದಷ್ಟು ಹೊತ್ತಿತ್ತು. ನನ್ನ ಕೈಯಲ್ಲಿ ಗಂಟೆ ಇತ್ತು. ಅವಳು ಹಿಡಿ ಇಳಿಸಿದಳು. ಫ್ಯಾನ್ ನಿಧಾನವಾಯಿತು. ಎಲ್ಲಕ್ಕೂ ವಿಭೂತಿ ಬಳಿದು, ಹೂ ಇಟ್ಟು, ಕರ್ಪೂರ ಹಚ್ಚಿದಳು.

“ಏನೋ ಅದು, ಐಸ್‌ಕ್ಯಾಂಡಿಯವನ ಹಾಗೆ ಟಿಣಿಟಿಣಿ ಅನ್ನಿಸ್ತೀಯ? ಗಟ್ಟಿಯಾಗಿ ಬಾರ್ಸೋ, ನಿಮ್ಮಪ್ಪಂಗೂ ಕೇಳ್ಲಿ.”

ಬಾರಿಸಿದೆ. ಕಿವಿ ಗುಂಯ್ಗುಡುವಷ್ಟು ಬಾರಿಸಿದೆ. ಮೇಜಿನ ಕೆಳಗೆ ಯುಪಿಎಸ್ ಕೂಗಿಕೊಂಡಿರಲೇಬೇಕು. ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ. ನನಗೆ ಕೇಳಿಸಲಿಲ್ಲ. ಆರತಿ ಮುಗಿದು ಗಂಟೆ ಕೆಳಗಿಟ್ಟಾಗ ಮನೆಯಲ್ಲಿ ಎಂಥ ನಿಶ್ಶಬ್ದವೆಂದರೆ, ಪಕ್ಕದ ಬೀದಿಯಲ್ಲಿ ಯಾರೋ ಬೂದುಗುಂಬಳಕಾಯಿ ಒಡೆದದ್ದು ಕೇಳಿತು. ಸಿಪಿಯು ಸದ್ದು ಮಾತ್ರ ಕೇಳಲಿಲ್ಲ.

ಅಕ್ಕ ಒದ್ದೆ ಕೂದಲಲ್ಲೇ ಬಂದು ಮೈನ್ ಹಾಕಿದಳು, ಯಂತ್ರ ಹಚ್ಚಿದಳು. ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ ಎಂಬ ಒಂದು ಬಿಳಿ ಸಾಲು. ಆರಿಸಿ ಹಚ್ಚಿದಳು. ಅದೇ ಸಾಲು. ಮಾನಿಟರಿನ ಮೇಲಿನ ಸೇವಂತಿಗೆ ಉರುಳಿ ಕೀಬೋರ್ಡಿನ ಮೇಲೆ ಬಿತ್ತು. ಅವಳು ತೆಗೆಯಲಿಲ್ಲ.

ಒಳಗಿದ್ದದ್ದು ವಿಜಾಪುರದ ಕಡೆಯ ಮೇಡಂ ಒಬ್ಬರ ಪ್ರಬಂಧ. ಹಳೆಯ ಬಟ್ಟೆಗಳನ್ನು ಸೇರಿಸಿ ಕೌದಿ ಹೊಲಿಯುವ ಹೆಂಗಸರ ಬಗ್ಗೆ. ಮೊದಲ ಅಧ್ಯಾಯಗಳು ಫ್ಲಾಪಿಗಳಲ್ಲಿದ್ದವು. ಕೊನೆಯ ಎರಡನ್ನು ಅವರು ಅಕ್ಕನ ಪಕ್ಕ ಕೂತು, ಹೇಳುತ್ತ ತಿದ್ದುತ್ತ ತೆರೆಯ ಮೇಲೆಯೇ ಬರೆಸಿದ್ದರು. ಅವಕ್ಕೆ ಬೇರೆ ಪ್ರತಿ ಇರಲಿಲ್ಲ. ದಸರಾ ರಜೆ ಮುಗಿದ ಕೂಡಲೇ ಪ್ರಬಂಧ ಒಪ್ಪಿಸಬೇಕು. ಗಡುವನ್ನು ಮುಂದೂಡಿಸಬಹುದಾದಷ್ಟೂ ಮುಂದೂಡಿಸಿ ಆಗಿತ್ತು. ತಪ್ಪಿದರೆ ಅಷ್ಟು ವರ್ಷದ ಕೆಲಸ ಮುಗಿದಂತೆಯೇ.

ಮರುದಿನ ಮೂವರೂ ನಾಗರಬಾವಿಯ ಅವರ ಕೋಣೆಗೆ ಹೋದೆವು. ತಾನು ಮೈನ್ ಇಳಿಸಿದ್ದಕ್ಕೇ ಹೀಗಾಯಿತೆಂದುಕೊಂಡ ಅಮ್ಮ, ನಾನೂ ಬರ್ತೀನಿ ಎಂದು ಹೊರಟಿದ್ದಳು. ನಾವು ಹಬ್ಬಕ್ಕೆಂದು ಬಂದಿದ್ದೇವೆ ಅಂದುಕೊಂಡು ಮೇಡಂ ಬಾಗಿಲಲ್ಲೇ ನಕ್ಕರು.

“ಬರ್ರಿ ಬರ್ರಿ! ನಮ್ಮೂರು ಬಿಟ್ಟು ಬಂದೀನಿ, ಬನ್ನಿ ಯಾರಿಗೆ ಕೊಡ್ಲಿ ಅಂತ ಕುಂತಿದ್ದೆ.” ನಮ್ಮ ಕೈಗೆ ಬನ್ನಿ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ,” ಎಂದು ಅಮ್ಮನ ಕಾಲಿಗೆ ನಮಸ್ಕರಿಸಿದರು. ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. “ತಮ್ಮಾ, ಯಾಕ ರೊಟ್ಟಿ ಮುರದು ಮುರದು ಇಡಾಕತ್ತೀದಿ? ಬೆಂಗಳೂರಿನವರ ಹಲ್ಲಿಗೆ ಬಿರುಸೇನು?” ಎಂದು ನನ್ನನ್ನು ಚುಡಾಯಿಸಿದರು.

ಅಕ್ಕ ತಟ್ಟೆ ನೋಡುತ್ತ, “ಮೇಡಂ, ನಿನ್ನೆ ಕರೆಂಟ್ ಹೋಯ್ತು. ಸಿಸ್ಟಮ್ ಕೈಕೊಡ್ತು. ಕೊನೇ ಎರಡು ಅಧ್ಯಾಯ…” ಎಂದಳು.

ಮೇಡಂ ಚಟ್ನಿಯ ಬಟ್ಟಲು ಕೆಳಗಿಟ್ಟರು. ಆಮೇಲೆ, “ಕರೆಂಟಿಗೆ ಯಾರ್ ಏನ್ ಮಾಡಾಕ ಆಗ್ತೈತ್ರಿ,” ಎಂದರು. ನಮ್ಮನ್ನು ಸಮಾಧಾನ ಮಾಡುವ ಪ್ರಯತ್ನ ಅದು. ನಾನು ಬಾಯಲ್ಲಿದ್ದ ತುತ್ತು ನುಂಗಿದೆ.

“ಇಲ್ಲ ಕಣಮ್ಮ,” ಎಂದಳು ಅಮ್ಮ. “ಕರೆಂಟ್ ಹೋಗಿರ್ಲಿಲ್ಲ. ಪೂಜೆಗೆ ಅಂತ ಮೈನ್ ಇಳಿಸಿದ್ದು ನಾನು. ನನ್ನಿಂದ ಆಗಿದ್ದು.”

“ಅವಾಗ ಮಷಿನ್ ಚಾಲೂ ಇತ್ತೇನ್ರಿ ಅವ್ವಾರ?”

“ಇಲ್ಲಮ್ಮ, ಆರಿಸ್ದೆ ಅಂದ್ಲು…” ಅಮ್ಮನ ಮಾತು ಅಲ್ಲೇ ನಿಂತಿತು. ಅವಳು ಅಕ್ಕನನ್ನು ನೋಡಿದಳು, ಆಮೇಲೆ ನನ್ನನ್ನು. ನಮ್ಮ ತಲೆ ಮೇಲೇಳಲಿಲ್ಲ. ಮೇಡಂ ಕೂಡ ನೋಡುತ್ತಿದ್ದರು.

“ನಂಗೆ ತಿಳೀಲಿಲ್ಲ ಕಣಮ್ಮ,” ಎಂದು ಅಮ್ಮ ಮಾತು ಮುಗಿಸಿದಳು.

ನನ್ನ ಮುಷ್ಟಿಯಲ್ಲಿದ್ದ ಬನ್ನಿ ಎಲೆ ಬೆವರಿಗೆ ಒದ್ದೆಯಾಗಿತ್ತು.

ಮೇಡಂ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಅಕ್ಕನ ಕಡೆ ತಿರುಗಿ, “ನಾಳೆಯಿಂದ ನಿಮ್ಮನ್ಯಾಗ ಕೂಡ್ತೀನಿ. ಹೇಳ್ತೀನಿ, ಬರೀರಿ,” ಎಂದಷ್ಟೇ ಅಂದರು. ಯಂತ್ರವನ್ನು ಮೊದಲಿನಿಂದ ಸಿದ್ಧ ಮಾಡಿದೆವು. ಹಳೆಯ ವಿಂಡೋಸ್ ಒಂದೇ, ಎರಡನೆಯದರ ಸುದ್ದಿ ಯಾರೂ ಎತ್ತಲಿಲ್ಲ. ರಜೆ ಪೂರ್ತಿ ಅವರು ನಮ್ಮ ನಡುಮನೆಯಲ್ಲಿ ಕೂತು ನೆನಪಿನಿಂದ ಹೇಳಿದರು, ಅಕ್ಕ ಒತ್ತಿದಳು, ಅಮ್ಮ ಇಬ್ಬರಿಗೂ ಅಡುಗೆ ಮಾಡಿ ಹಾಕಿದಳು. ಪ್ರಬಂಧ ಗಡುವಿನೊಳಗೆ ಹೋಯಿತು. ಕೊನೆಯ ಅಧ್ಯಾಯ ಮೊದಲಿನ ಹಾಗೆ ಆಗಲಿಲ್ಲ. ಒಬ್ಬ ಮುದುಕಿ ಹೇಳಿದ್ದ ಮಾತೊಂದು ಅವರಿಗೆ ಮತ್ತೆ ನೆನಪಾಗಲೇ ಇಲ್ಲ. “ಆಕೀನೂ ಈಗಿಲ್ಲ, ಯಾರನ್ನ ಕೇಳೂದು,” ಎಂದು ಆ ಜಾಗ ಬಿಟ್ಟು ಮುಂದಕ್ಕೆ ಹೋದರು.

ಮುಂದಿನ ವರ್ಷ ಆಯುಧಪೂಜೆಗೆ ಯಂತ್ರವನ್ನು ಹಿಂದಿನ ರಾತ್ರಿಯೇ ಆರಿಸಿಟ್ಟಿದ್ದೆವು. ಅಮ್ಮ ಮೈನ್ ಹತ್ತಿರ ಹೋದವಳು ವಾಪಸು ಬಂದು, ಬಗ್ಗಿ, ಸಿಪಿಯು ಮೇಲೆ ಅಂಗೈ ಇಟ್ಟು ನಡುಕವಿದೆಯೇ ಎಂದು ನೋಡಿದಳು.

“ಆಫ್ ಆಗಿದೆ ಕಣಮ್ಮ,” ಎಂದೆ.

ಅವಳು ಕೈ ತೆಗೆಯಲಿಲ್ಲ.