ವೇಣೂರಿನಲ್ಲಿ ಎಂಜಿನ್ ನಿಲ್ಲಲಿಲ್ಲ, ಮಾವ ಸಿಕ್ಕಿದರು

ತುಳುವರ ಯುಗಾದಿ ಬಿಸು ಹಬ್ಬ ಕಳೆದು ಬಂದ ಸೋಮವಾರ ಮಧ್ಯಾಹ್ನ ನನ್ನ ಮಾವ ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಕಾಣೆಯಾದರು. ನಾವು ಅಜ್ಜ ಎಂದೇ ಕರೆಯುವ ನಮ್ಮ ದೈವ ಸ್ವಾಮಿ ಕೊರಗಜ್ಜನನ್ನು ನಂಬಿದ ಎಲ್ಲರಿಗೂ ಕೈಮುಗಿದು, ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಕಾರಿನ ವಿಷಯ ಸ್ವಲ್ಪ ಜಾಸ್ತಿ ಬರುತ್ತದೆ, ಬೇಸರ ಮಾಡಬೇಡಿ. ಕಾರನ್ನು ಬಿಟ್ಟು ಇದನ್ನು ಹೇಳಲು ನನಗೆ ಬರುವುದಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ, ವಿಠಲ ಮಾವ. ಅಬುಧಾಬಿಯಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಡ್ರೈವರ್ ಆಗಿದ್ದರು. ಮದುವೆ ಆಗಲಿಲ್ಲ. ಕೆಲಸ ಬಿಟ್ಟು ಊರಿಗೆ ಬರುವಾಗ ಉಳಿದವರು ಟಿವಿ, ಕಂಬಳಿ, ಸೆಂಟು ತಂದರೆ ಇವರು ಹಡಗಿನಲ್ಲಿ ಒಂದು ಹಳೆಯ ಬೆಂಜ್ ಡೀಸೆಲ್ ಕಾರು ತರಿಸಿದರು. ಸ್ಟಿಯರಿಂಗ್ ಎಡಗಡೆ. ಬಣ್ಣ ಹಾಲು ಜಾಸ್ತಿ ಹಾಕಿದ ಚಹಾದ್ದು. ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡದು. ಅದು ಬಿ.ಸಿ.ರೋಡ್ ದಾಟುವಾಗಲೇ ಬಂಟ್ವಾಳದ ನಮ್ಮ ಮನೆಗೆ ಕೇಳಿಸುತ್ತದೆ ಎಂದು ಅಮ್ಮ ತಮಾಷೆ ಮಾಡುತ್ತಾರೆ. ಅಕ್ಕಿ ಮಿಲ್ಲು ಎಂದೇ ಅವರು ಅದಕ್ಕೆ ಇಟ್ಟ ಹೆಸರು.

ಮಾವನಿಗೆ ನೆನಪು ಮಾಸತೊಡಗಿದ ಮೇಲೆ ಕಾರು ನನ್ನ ಕೈಗೆ ಬಂತು. ನನಗೆ ಯಾರೂ ಕಲಿಸಿದ್ದಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಬಿಚ್ಚಿ, ಹಾಳು ಮಾಡಿ, ಪುನಃ ಸರಿ ಮಾಡಿ ಕಲಿತೆ. ಹೆಡ್‌ಲೈಟಿಗೆ ರಿಲೇ ಹಾಕಿದೆ, ರಾತ್ರಿ ಈಗ ದಾರಿ ಕಾಣುತ್ತದೆ. ಹಳೆಯ ರೇಡಿಯೋದ ಹೊಟ್ಟೆಯೊಳಗೆ ಬ್ಲೂಟೂತ್ ಕೂರಿಸಿದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಹೆಚ್ಚು ಕೈ ಹಾಕಲಿಲ್ಲ. ಎಂಜಿನ್ ಹೇಗಿತ್ತೋ ಹಾಗೇ ಇರಬೇಕು ಎಂಬುದು ನನ್ನ ಹಟ.

ಮಾವ ಸರಿಯಿದ್ದ ಕಾಲದಲ್ಲಿ ನನಗೆ ಹೇಳಿಕೊಟ್ಟದ್ದು ಒಂದೇ ಮಾತು. ದೂರ ಓಡಿಸಿ ತಂದು ನಿಲ್ಲಿಸಿದ ಕೂಡಲೇ ಕೀ ತಿರುಗಿಸಲು ಹೋದರೆ ಕೈ ಹಿಡಿಯುತ್ತಿದ್ದರು. "ಒಮ್ಮೆಲೆ ಬಂದ್ ಮಾಡ್ಬೇಡ ಮಾರಾಯ. ಓಡಿ ಬಂದದ್ದಲ್ವಾ? ಸ್ವಲ್ಪ ಉಸಿರು ಬಿಡ್ಲಿ." ಈಗ ಅವರಿಗೆ ನನ್ನ ಹೆಸರು ನೆನಪಿಲ್ಲ. ನನ್ನನ್ನು ಹೊಸ ಡ್ರೈವರ್ ಎಂದು ಕರೆಯುತ್ತಾರೆ. ಚಹಾ ಕುಡಿದ ಮೇಲೆ, "ಹೊಸ ಡ್ರೈವರಿಗೆ ಕೊಟ್ಟಾಯ್ತಾ?" ಎಂದು ಅಮ್ಮನಲ್ಲಿ ಕೇಳುತ್ತಾರೆ.

ಈ ಕಾರಿನ ಒಂದು ವಿಚಿತ್ರ ಹೇಳಬೇಕು. ಇದರ ಎಂಜಿನ್ ನಿಲ್ಲುವುದು ಕರೆಂಟಿನಿಂದಲ್ಲ, ಗಾಳಿ ಎಳೆಯುವ ಒಂದು ಸಣ್ಣ ಪೈಪಿನಿಂದ. ಬಾಗಿಲಿನ ಲಾಕುಗಳಿಗೂ ಅದೇ ಗಾಳಿ. ಹಾಗಾಗಿ ಹಿಂದಿನ ಬಾಗಿಲಿನಲ್ಲಿ ಎಲ್ಲೋ ಗಾಳಿ ಸೋರಿದ ದಿನ ಮುಂದೆ ಎಂಜಿನ್ ನಿಲ್ಲುವುದಿಲ್ಲ, ಸೋರದ ದಿನ ಕೀಗೇ ನಿಲ್ಲುತ್ತದೆ. ಕೀ ತೆಗೆದು ಕಿಸೆಯಲ್ಲಿ ಹಾಕಿಕೊಂಡರೂ ಅದು ಗಟಗಟ ಎನ್ನುತ್ತಲೇ ಇರುತ್ತದೆ. ಬಾನೆಟ್ ಎತ್ತಿ, ಒಳಗಿರುವ ಒಂದು ಲಿವರನ್ನು ಕೈಯಿಂದ ಒತ್ತಿ ನಿಲ್ಲಿಸಬೇಕು.

ಇದರಿಂದಾಗಿ ಹಿಂದಿನ ಸಲ ಮಾವನನ್ನು ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೇಟಿನ ಬಳಿ ದೊಡ್ಡ ನಾಟಕವೇ ಆಗಿತ್ತು.

"ಗಾಡಿ ಬಂದ್ ಮಾಡಿ ಮಾರ್ರೆ, ಒಳಗೆ ಪೇಷೆಂಟ್ ಇದ್ದಾರೆ!" ಎಂದು ಸೆಕ್ಯುರಿಟಿಯವರು.

"ಮಾಡಿದ್ದೇನೆ ಅಣ್ಣ. ಕೀ ನನ್ನ ಕೈಯಲ್ಲಿ ಉಂಟು, ನೋಡಿ."

"ಮತ್ತೆ ಅದೆಂತ, ನಿಮ್ಮ ಪ್ರೇತ ಓಡಿಸುವುದಾ?"

ಅಮ್ಮ ನಾಚಿಕೆಯಿಂದ ಸೆರಗು ತಲೆಗೆ ಹೊದ್ದುಕೊಂಡರು. ಈ ಸೋಮವಾರ ಖಡಾಖಂಡಿತ ಹೇಳಿಬಿಟ್ಟರು: "ನಾವು ಬಸ್ಸಿನಲ್ಲಿ ಹೋಗ್ತೇವೆ. ನೀನು ಆ ಮಿಲ್ಲನ್ನು ಒಂದೋ ರಿಪೇರಿ ಮಾಡು, ಇಲ್ಲದಿದ್ರೆ ಗುಜರಿಗೆ ಹಾಕು." ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು ಹಾಕಿ ಹೊರಟರು. ಅರಬಿಯ ಮನೆಯ ಡ್ರೈವರ್ ವೇಷ ಅದು. ಇವತ್ತಿಗೂ ಹೊರಗೆ ಹೋಗುವುದಾದರೆ ಅವರಿಗೆ ಅದೇ ಆಗಬೇಕು.

ಅವರು ಹೋದ ಮೇಲೆ ನಾನು ಕೆಲಸಕ್ಕೆ ಕೂತೆ. ಯಾವ ಕಡೆ ಗಾಳಿ ಸೋರುತ್ತದೆ ಎಂದು ಹುಡುಕುವ ಕ್ರಮ ಸುಲಭ. ಒಂದೊಂದೇ ಪೈಪಿನ ಬಾಯಿಗೆ ಸ್ಕ್ರೂ ತುರುಕಿ ಮುಚ್ಚುತ್ತಾ ಬರಬೇಕು. ಹಾಗೆ ಮಾಡುತ್ತಿರುವಾಗ ಫೋನ್ ಬಂತು.

"ಸಂತೂ, ಅಣ್ಣ ಇಲ್ಲ!" ಎಂದರು ಅಮ್ಮ. "ಮಾತ್ರೆ ತಗೊಳ್ಳಲಿಕ್ಕೆ ಈಚೆ ತಿರುಗಿದ್ದು ಅಷ್ಟೇ. ಬೆಂಚಿನಲ್ಲಿ ಇಲ್ಲ. ಬೆಳ್ತಂಗಡಿ ಬಸ್ಸಿಗೆ ಹತ್ತಿದ ಹಾಗಾಯ್ತು ಅಂತ ಹೂವಿನವಳು ಹೇಳ್ತಾಳೆ. ಹೋಯ್ತು ಮಾರಾಯಾ ಬಸ್ಸು!"

"ಮಾವನ ಫೋನ್?"

"ನನ್ನ ಚೀಲದಲ್ಲಿ ಉಂಟು. ನಾನು ಕೊರಗಜ್ಜನಿಗೆ ಹೇಳಿಕೊಂಡಿದ್ದೇನೆ. ನೀನೂ ಹೇಳು."

ಪೊಲೀಸರಿಗೆ ತಿಳಿಸಿ, ಮಾವ ತಿರುಗಿ ಬಂದರೆ ಸಿಗಲಿ ಎಂದು ಅಮ್ಮ ಅಲ್ಲಿಯೇ ಉಳಿದರು. ನಾನು ಪುಂಜಾಲಕಟ್ಟೆಯಾಗಿ, ಬೆಳ್ತಂಗಡಿಗಿಂತ ಮೊದಲು ಸಿಗುವ ಗುರುವಾಯನಕೆರೆಗೆ ಹೋಗಿ ಬಸ್ಸನ್ನು ಹಿಡಿಯುವುದು ಎಂದು ಮಾತಾಯಿತು. ಪೈಪುಗಳನ್ನೆಲ್ಲ ಕೈಗೆ ಸಿಕ್ಕ ಹಾಗೆ ಜೋಡಿಸಿ ಕೀ ತಿರುಗಿಸಿದರೆ ಬ್ಯಾಟರಿ ಸತ್ತಿದೆ. ಬೆಳಗಿನಿಂದ ಲಾಕು ಪರೀಕ್ಷೆ ಮಾಡುವಾಗ ಬಾಗಿಲು ತೆರೆದೇ ಇಟ್ಟು, ಒಳಗಿನ ದೀಪ ಉರಿದದ್ದನ್ನು ನೋಡಿರಲಿಲ್ಲ.

ಪಕ್ಕದ ಮನೆಯ ಅಲ್ತಾಫ್ ತನ್ನ ಜೀಪು ತಂದು ಅದರ ಬ್ಯಾಟರಿಯಿಂದ ವೈರ್ ಕೊಟ್ಟ. ನನ್ನ ಮುಖ ನೋಡಿ ಮಾಮೂಲಿನ ತಮಾಷೆ ಮಾಡಲಿಲ್ಲ. ಎಂಜಿನ್ ಹಿಡಿದಾಗ ಮಾತ್ರ ಕಿಟಕಿ ತಟ್ಟಿ ಹೇಳಿದ, "ನಾನು ಸಿದ್ಧಕಟ್ಟೆಯಾಗಿ ಮೂಡುಬಿದಿರೆಗೆ, ನಿನ್ನ ಉಮ್ಮನ ಹತ್ರ ಹೋಗ್ತೇನೆ. ನೀನು ಎಲ್ಲಿಯೂ ಆಫ್ ಮಾಡ್ಬೇಡ. ಪಡೆದವನು ನೋಡಿಕೊಳ್ತಾನೆ, ಹೋಗು."

ಅಜ್ಜನ ಬಗ್ಗೆ ನನಗೆ ಸಂಶಯ ಎಂದೂ ಇರಲಿಲ್ಲ. ಕಳೆದುಹೋದದ್ದನ್ನು ಕೊಡಿಸುವುದು ಅಜ್ಜನ ಕಾರಣಿಕ, ಅವರ ಮಹಿಮೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಾರು ಬಿಚ್ಚುವವರೆಲ್ಲರಿಗೂ ಬೋಲ್ಟ್ ಬಿಚ್ಚುವ ಹತ್ತನೇ ನಂಬರಿನ ಸಾಕೆಟ್ ಕಳೆದುಹೋಗುವುದು ಒಂದು ಶಾಪ. ನಾನು ಎಷ್ಟೋ ಸಲ ಮನೆ ಹತ್ತಿರದ ಅಜ್ಜನ ಕಟ್ಟೆಯ ಕಡೆ ತಿರುಗಿ, "ಅಜ್ಜಾ, ಒಂದು ಚಕ್ಕುಲಿ ಇಡ್ತೇನೆ" ಎಂದದ್ದುಂಟು, ಸಿಕ್ಕಿದ್ದೂ ಉಂಟು. ಆದರೆ ಪುಂಜಾಲಕಟ್ಟೆಯ ತಿರುವಿನಲ್ಲಿ ಬಾಯಿ ತೆರೆದಾಗ ಎಂತ ಇಡುತ್ತೇನೆ ಎಂದು ಹೇಳಲು ಬರಲಿಲ್ಲ. "ಅಜ್ಜಾ, ಮಾವ" ಎಂದೆ. ಅಷ್ಟೇ ಬಂತು. ಮಾವನಿಗೆ ಸಕ್ಕರೆ ಕಾಯಿಲೆ ಬೇರೆ, ಮಧ್ಯಾಹ್ನದ ಊಟ ಆಗಿರಲಿಲ್ಲ, ಹೊರಗೆ ಡಾಮರು ಕರಗುವ ಬಿಸಿಲು.

ಗುರುವಾಯನಕೆರೆಯಲ್ಲಿ ಬಸ್ಸು ಸಿಕ್ಕಿತು. ಮಾವ ಅದರಲ್ಲಿ ಇರಲಿಲ್ಲ. ಕಂಡಕ್ಟರಿಗೆ ನೆನಪಿತ್ತು.

"ಬಿಳಿ ಅಂಗಿಯವರಾ? ಹತ್ತಿದ್ರು. ಟಿಕೆಟ್ ಕೇಳಿದ್ರೆ 'ಡ್ರೈವರ್' ಅಂದ್ರು. ಯಾವುದೋ ಬಸ್ಸಿನವರು ಅಂತ ನಾನು ಕೇಳಲಿಲ್ಲ. ನಮ್ಮಲ್ಲಿ ಡ್ರೈವರುಗಳಿಗೆ ಟಿಕೆಟ್ ಇಲ್ಲ ಅಲ್ವಾ?" ಆಮೇಲೆ ನನ್ನನ್ನು ನೋಡಿ ಅವರ ದನಿ ಇಳಿಯಿತು. "ವೇಣೂರಲ್ಲಿ ಇಳಿದ್ರು. ಗಟ್ಟಿ ಇದ್ದರು ಮಾರ್ರೆ, ಹೀಗೆ ಅಂತ ಗೊತ್ತೇ ಆಗಲಿಲ್ಲ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಅಂಗಿಯಲ್ಲಿ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ವೇಣೂರಿನಲ್ಲಿ ಮೊದಲು ಕಂಡ ಗೂಡಂಗಡಿಯ ಎದುರು ಎಂಜಿನ್ ಓಡುತ್ತಿರುವಾಗಲೇ ಇಳಿದು ಕೇಳಿದೆ. ಅಂಗಡಿಯ ಅಕ್ಕ ಕೂಡಲೇ ಹೇಳಿದರು, "ಬಂದಿದ್ರಲ್ಲ. ಶರ್ಬತ್ ಕುಡಿದ್ರು. ಹೊಳೆ ಯಾವ ಕಡೆ ಅಂತ ಕೇಳಿದ್ರು. ಕಾರು ತೊಳೀಲಿಕ್ಕೆ ಉಂಟಂತೆ." ಅವರಿಗೆ ಥಟ್ಟನೆ ಹೊಳೆಯಿತು. "ಅಯ್ಯೋ, ಕಾರು ಎಲ್ಲಿ ಇತ್ತು? ನಾನು ನೋಡಲೇ ಇಲ್ಲ ಅಲ್ವಾ! ಬೇಗ ಹೋಗಿ, ಅಲ್ಲಿ ಕಯ ಉಂಟು."

ಕಯ ಎಂದರೆ ಬೇಸಿಗೆಯಲ್ಲೂ ಬತ್ತದ ಆಳದ ಮಡು. ಓಡಿ ಕಾರಿಗೆ ಹತ್ತಿದೆ.

ಓಣಿಯಲ್ಲಿ ಕಾರು ಹೋಗುವಷ್ಟು ದೂರ ಹೋದೆ. ಅಲ್ಲಿಂದ ಮುಂದೆ ಬಿದಿರಿನ ಹಿಂಡಿಲು, ಆಚೆ ಈಚೆ ಎರಡು ಕಾಲುದಾರಿ. ಯಾವುದಕ್ಕೆ ಓಡುವುದು? ಕೂಗಿ ನೋಡೋಣ, ಎಲ್ಲಿಂದಾದರೂ ಉತ್ತರ ಬಂದೀತು ಎಂದುಕೊಂಡೆ. ಆದರೆ ಎಂಜಿನ್ ಸದ್ದಿನಲ್ಲಿ ನನ್ನ ಸ್ವರವೇ ನನಗೆ ಕೇಳಿಸುವುದಿಲ್ಲ. ಅಲ್ತಾಫ್ ಹೇಳಿದ್ದು ನೆನಪಿತ್ತು. ಇನ್ನು ಸ್ಟಾರ್ಟ್ ಆಗದಿದ್ದರೆ ಬೇಡ ಎಂದು ಕೀ ತಿರುಗಿಸಿದೆ.

ನಿಲ್ಲಲಿಲ್ಲ.

ಕೀ ತೆಗೆದೆ. ಗಟಗಟ ಗಟಗಟ. "ಮಾವಾ!" ಎಂದು ಕೂಗಿದೆ. ಗಟಗಟ ಗಟಗಟ. ಆ ಕಾರನ್ನು ಅಷ್ಟು ಪ್ರೀತಿಸುವ ನಾನು ಅದರ ಬಾಗಿಲಿಗೆ ಒದ್ದೆ. ಅಜ್ಜನ ಮೇಲೂ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. "ಇದನ್ನೊಂದು ನಿಲ್ಲಿಸಲಿಕ್ಕೂ ಆಗುವುದಿಲ್ವಾ ಅಜ್ಜಾ?" ಎಂದು ಗಟ್ಟಿಯಾಗಿಯೇ ಕೇಳಿದೆ.

ಬಾನೆಟ್ ಎತ್ತಿದೆ. ನೋಡಿದರೆ ಎಂಜಿನ್ ನಿಲ್ಲಿಸುವ ಪೈಪಿನ ಬಾಯಲ್ಲೇ ನನ್ನ ಸ್ಕ್ರೂ ಕೂತಿದೆ. ಪರೀಕ್ಷೆಗೆ ತುರುಕಿದ್ದು, ಗಡಿಬಿಡಿಯಲ್ಲಿ ತೆಗೆಯದೆ ಹೊರಟಿದ್ದೇನೆ. ಬಗ್ಗಿ, ನಿಲ್ಲಿಸುವ ಲಿವರಿನ ಮೇಲೆ ಬೆರಳಿಟ್ಟೆ.

"ಒಮ್ಮೆಲೆ ಬಂದ್ ಮಾಡ್ಬೇಡ ಮಾರಾಯ."

ತಿರುಗಿ ನೋಡಿದೆ. ಬಿದಿರಿನ ಸಂದಿಯಲ್ಲಿ ಮಾವ ನಿಂತಿದ್ದರು. ಕಪ್ಪು ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಕೈಯಲ್ಲಿ ತೆಂಗಿನ ನಾರಿನ ಒಂದು ಮುದ್ದೆ, ನೀರು ತೊಟ್ಟಿಕ್ಕುತ್ತಿತ್ತು.

"ಓಡಿ ಬಂದದ್ದಲ್ವಾ?" ಎಂದರು. "ಸ್ವಲ್ಪ ಉಸಿರು ಬಿಡ್ಲಿ."

ನನಗೆ ಲಿವರಿನಿಂದ ಬೆರಳು ತೆಗೆಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಮಾವ ನನ್ನನ್ನು ಬದಿಗೆ ಸರಿಸಿ, ಎಂಜಿನ್ನಿಗೆ ಕಿವಿಗೊಟ್ಟು ನಿಂತರು. "ಅಲ್ಲಿ ನೀರಿನಲ್ಲಿ ನಿಂತಿದ್ದೆ. ನನ್ನ ಗಾಡಿ ಕೇಳಿಸ್ತು. ಯಾರಪ್ಪ ಕೊಂಡುಹೋಗ್ತಾರೆ ಅಂತ ಮೇಲೆ ಬಂದೆ" ಎಂದು ಹೇಳಿದರು.

ಎಡಗಡೆಯ ಬಾಗಿಲು ತೆಗೆದು ತಾವೇ ಡ್ರೈವರ್ ಸೀಟಿನಲ್ಲಿ ಕೂತರು. ಗೇರು ಅಲ್ಲಾಡಿಸಿ ನೋಡಿದರು, ಕನ್ನಡಿ ಸರಿ ಮಾಡಿಕೊಂಡರು. ಸ್ಟಿಯರಿಂಗಿನ ಮೇಲೆ ಕೈ ಇಟ್ಟು ಮುಂದಿನ ದಾರಿ ನೋಡಿದರು. ಆಮೇಲೆ ಇಳಿದು, ಕಾರಿಗೆ ಸುತ್ತು ಬಂದು, ಬಲಗಡೆ ಕೂತರು.

"ನೀನೇ ಬಿಡು" ಎಂದರು. "ನನಗೆ ಗಾಡಿ ಗೊತ್ತುಂಟು, ದಾರಿ ಗೊತ್ತಿಲ್ಲ."

ಮೂಡುಬಿದಿರೆಗೆ ತಲುಪಿದಾಗ ಅಮ್ಮ ಬಸ್ ನಿಲ್ದಾಣದ ಹೊರಗೆ ಅಲ್ತಾಫನ ಜೀಪಿನ ಪಕ್ಕದಲ್ಲೇ ನಿಂತಿದ್ದರು. ಅಣ್ಣನ ಕೆನ್ನೆ, ಕೈ, ಒದ್ದೆ ಪ್ಯಾಂಟು ಎಲ್ಲವನ್ನೂ ಮುಟ್ಟಿ ನೋಡಿದರು. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಬ್ಯಾಂಕಿನವರು, ಹೋಟೆಲಿನವರು ಎಲ್ಲ ಹೊರಗೆ ಬಂದು ನೋಡುತ್ತಿದ್ದರು. ಅಮ್ಮ ಸೆರಗು ತಲೆಗೆ ಎಳೆದುಕೊಳ್ಳಲಿಲ್ಲ. ಹಿಂದಿನ ಬಾಗಿಲು ತೆಗೆದು ರಾಣಿಯ ಹಾಗೆ ಕೂತರು.

ಮುಂದಿನ ತಪಾಸಣೆಯಲ್ಲಿ ಡಾಕ್ಟರರಿಗೆ ಇದನ್ನೆಲ್ಲ ಹೇಳಿದೆ. ಬದುಕಿಡೀ ಕೇಳಿದ ಸದ್ದು, ಕೈಗೆ ಹತ್ತಿದ ಅಭ್ಯಾಸ ಎಲ್ಲಕ್ಕಿಂತ ಕೊನೆಗೆ ಅಳಿಯುವುದು, ಅದರಲ್ಲಿ ಆಶ್ಚರ್ಯ ಇಲ್ಲ ಎಂದರು. ಇರಬಹುದು. ಮಾವನಿಗೆ ಸದ್ದು ಯಾಕೆ ನೆನಪಾಯಿತು ಎಂದು ಡಾಕ್ಟರರು ಹೇಳಿದರು, ನಾನು ಒಪ್ಪುತ್ತೇನೆ. ನಾನು ನಿಲ್ಲಿಸಲು ಹೊರಟ ಸದ್ದನ್ನು ಮಾವ ನೀರಿನಿಂದ ಮೇಲೆ ಬರುವವರೆಗೆ ಹಿಡಿದಿಟ್ಟವರು ಯಾರು ಎಂಬುದು ನನಗೆ ಗೊತ್ತುಂಟು. ನಿಲ್ಲಿಸು ಎಂದು ನಾನು ಕೇಳಿದ್ದನ್ನು ಅಜ್ಜ ಕೊಡಲಿಲ್ಲ. ಮಾವ ಎಂದು ಮೊದಲು ಕೇಳಿದ್ದನ್ನು ಕೊಟ್ಟರು.

ಆ ವಾರವೇ ಹಿಂದಿನ ಬಾಗಿಲಿನ ಸೋರಿಕೆಯನ್ನು ಹುಡುಕಿ ಸರಿ ಮಾಡಿದೆ. ಈಗ ಕೀ ತಿರುಗಿಸಿದರೆ ಎಂಜಿನ್ ನಿಲ್ಲುತ್ತದೆ. ಚಕ್ಕುಲಿ, ವೀಳ್ಯ, ಕಳ್ಳು ಇಟ್ಟು ಬರಲು ಮೂವರೂ ಕಟ್ಟೆಗೆ ಹೋದೆವು. ಆ ಸ್ಕ್ರೂವನ್ನೂ ಅಜ್ಜನ ಪಾದದ ಬಳಿ ಇಡಬೇಕೆಂದು ಕಿಸೆಯಲ್ಲಿ ಹಾಕಿಕೊಂಡಿದ್ದೆ. ಕಾರು ನಿಲ್ಲಿಸಿ, ಅಭ್ಯಾಸಬಲದಿಂದ ನನ್ನ ಕೈ ಕೀಯ ಕಡೆ ಹೋಯಿತು.

ಹಿಂದಿನಿಂದ ಅಮ್ಮ ಹೇಳಿದರು, "ಎಂತ ಅವಸರ ನಿನಗೆ? ಸ್ವಲ್ಪ ಉಸಿರು ಬಿಡ್ಲಿ."

ಮಾವ ತಲೆಯಾಡಿಸಿದರು. ಅಕ್ಕಿ ಮಿಲ್ಲು ಗಟಗಟ ಎನ್ನುತ್ತಾ ಇತ್ತು, ಅಜ್ಜನ ಎದುರು ನಾವು ಮೂವರೂ ಕಾರಿನಲ್ಲೇ ಕೈಮುಗಿದು ಕೂತೆವು.