ತೊಂಬತ್ತೊಂದು ಉಂಗುರ

ಮೀನು ಸಂಶೋಧನಾ ಕಚೇರಿಯಲ್ಲಿ ಅವಳಿಗೆ ಕಲ್ಲಕ್ಕ ಎಂದೇ ಹೆಸರು. ಮೀನಿನ ಕಿವಿಯೊಳಗೆ ಅವರೆಕಾಳಿನಷ್ಟು ಕಲ್ಲೊಂದು ಇರುತ್ತದೆ. ಮರದ ಕಾಂಡದಲ್ಲಿರುವಂತೆ ಅದರಲ್ಲೂ ವರ್ಷಕ್ಕೊಂದು ಉಂಗುರ. ಆಳಸಮುದ್ರದ ಕೆಂಪು ಮೀನಿನ ಕಲ್ಲನ್ನು ಸೂಕ್ಷ್ಮದರ್ಶಕದಡಿ ಇಟ್ಟು ವಯಸ್ಸು ಹೇಳುವುದು ಹನ್ನೊಂದು ವರ್ಷಗಳಿಂದ ಅವಳ ಕೆಲಸ. ಮನೆಯಲ್ಲಿ ಗಂಡ, "ನನ್ನ ವಯಸ್ಸೂ ಸ್ವಲ್ಪ ಕಮ್ಮಿ ಮಾಡಿ ಬರ್ಕೊಡೇ" ಎಂದು ಕಾಡಿಸುತ್ತಿದ್ದ. ಅವಳು ಬರೆದ ವಯಸ್ಸಿನ ಮೇಲೆಯೇ ಬೋಟುಗಳು ಎಷ್ಟು ಮೀನು ಹಿಡಿಯಬಹುದೆಂಬುದು ತೀರ್ಮಾನವಾಗುತ್ತಿತ್ತು. ಅಂಥದೊಂದು ಬೋಟಿನಲ್ಲಿ ಅವಳ ತಮ್ಮನೂ ಇದ್ದ.

ಆ ಬೆಳಿಗ್ಗೆ ಚಿಮಟದಿಂದ ಜಾರಿದ ಕಲ್ಲೊಂದು ನೆಲಕ್ಕೆ ಬಿದ್ದು ಎರಡಾಯಿತು. ಎಸೆಯುವ ಮೊದಲು ಯಾಕೋ ಮುರಿದ ಅಂಚನ್ನು ಸೂಕ್ಷ್ಮದರ್ಶಕದಡಿ ಹಿಡಿದಳು. ಮೇಲಿನಿಂದ ನೋಡಿ ಮೂವತ್ತನಾಲ್ಕು ಎಂದು ಬರೆದಿದ್ದ ಮೀನದು. ಒಳಗೆ ಕೂದಲೆಳೆಯಂಥ ಉಂಗುರಗಳು, ಒತ್ತೊತ್ತಾಗಿ, ತೊಂಬತ್ತೊಂದು! ಮುದಿ ಮೀನಿನ ಕಲ್ಲು ಅಗಲಕ್ಕೆ ಬೆಳೆಯದೆ ದಪ್ಪವಾಗುತ್ತ ಹೋಗಿತ್ತು. ಆ ಉಂಗುರಗಳು ಮೇಲಿನಿಂದ ಕಾಣುವಂತೆಯೇ ಇರಲಿಲ್ಲ.

ಇದೊಂದೇ ಹೀಗಿರಲಿ ದೇವರೇ ಎಂದುಕೊಂಡು ಇನ್ನೂ ಮೂರನ್ನು ಬೇಕೆಂದೇ ಮುರಿದಳು. ಎಂಬತ್ತು. ಎಪ್ಪತ್ತೇಳು. ನೂರಮೂರು. ಸಾಕಷ್ಟು ಬೇಗ ಬೆಳೆಯುವ ಮೀನು, ಹಿಡಿದಷ್ಟೂ ತುಂಬಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದ್ದು ಅವಳ ಮಾತಿನ ಮೇಲೆ. ನಿಜಕ್ಕೂ ಹಿಡಿದದ್ದು ಅಜ್ಜಿ, ಮುತ್ತಜ್ಜಿಯರನ್ನು. ಹೇಳಿದರೆ ಹನ್ನೊಂದು ವರ್ಷದ ಕೆಲಸ ನೀರುಪಾಲು, ತಮ್ಮನ ಬೋಟು ದಡದಲ್ಲೇ. ಹೇಳದಿದ್ದರೆ? ಮುಂದಿನ ವರ್ಷ ಎಷ್ಟು ಹಿಡಿಯಬೇಕೆಂಬ ಸಭೆ ಹನ್ನೊಂದಕ್ಕಿತ್ತು. ಗಡಿಯಾರದಲ್ಲಿ ಹತ್ತೂವರೆ.

ಸಾಹೇಬರು ತಮ್ಮ ಕೋಣೆಯಲ್ಲಿ ಕಡತ ಜೋಡಿಸುತ್ತಿದ್ದರು.

"ಏನ್ರೀ ಕಲ್ಲಕ್ಕ, ದೆವ್ವ ನೋಡ್ದೋರ ಥರ ನಿಂತಿದ್ದೀರಾ?"

"ಸಾರ್, ನಾನು ಓದಿದ್ದೆಲ್ಲ ತಪ್ಪು. ಮೀನುಗಳ ವಯಸ್ಸು ಹತ್ತಿರ ಹತ್ತಿರ ಮೂರು ಪಟ್ಟು ಇದೆ."

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದ್ರಾ? ಸಭೆ ಮುಗೀಲಿ, ಆಮೇಲೆ ನೋಡೋಣ."

ಅವಳು ಬಾಗಿಲಿಗೆ ಅಡ್ಡ ನಿಂತು, "ಒಂದ್ಸಲ ಬಂದು ನೀವೇ ಎಣಿಸಿ ಸಾರ್," ಎಂದಳು.

ಅವರು ಗೊಣಗುತ್ತಲೇ ಅವಳ ಮೇಜಿಗೆ ಬಂದು ಬಗ್ಗಿದರು. ಎಣಿಸುವ ದನಿ ಐವತ್ತು ದಾಟುವಾಗ ಸಣ್ಣದಾಯಿತು, ಎಪ್ಪತ್ತಕ್ಕೆ ನಿಂತೇಹೋಯಿತು. ಕನ್ನಡಕ ತೆಗೆದು, "ಸಭೆ ಮುಂದೂಡಿ ಅಂತ ಹೇಳ್ತೀನಿ," ಎಂದಷ್ಟೇ ಹೇಳಿ ಹೋದರು. ಒಂದು ಮಾತೂ ಬೈಯಲಿಲ್ಲ. ಅದರಿಂದ ಅವಳಿಗೆ ಇನ್ನಷ್ಟು ಭಯವಾಯಿತು.

ತಮ್ಮ ಇದನ್ನು ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು, ಮೆಟ್ಟಿಲ ಮೇಲೆ ಕೂತು ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಕೂಗಾಡುತ್ತಾನೆ ಎಂದುಕೊಂಡಿದ್ದಳು.

"ಅದಕ್ಕೇನಾ ಅಕ್ಕ," ಎಂದ ಅವನು ಮೆಲ್ಲಗೆ, "ನಾಲ್ಕು ವರ್ಷದಿಂದ ಬಲೇಲಿ ಒಂದು ಮರಿ ಮೀನೂ ಕಂಡಿಲ್ಲ."

"ಯಾಕೋ ಹೇಳ್ಲಿಲ್ಲ?"

"ನೀನು ಕಲ್ಲು ಓದೋಳು. ನಿಂಗೆ ಗೊತ್ತಿರತ್ತೆ ಅಂತ ನಾವೆಲ್ಲ ಸುಮ್ನಿದ್ವಿ."